ಸೋಮವಾರದ ಕೊರಡು

ಈಗ ಕೃಷಿ ಇಲಾಖೆಯ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರು ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಸಿಕ್ಕಿದರೆ ನನ್ನನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳುತ್ತಾರೆ: "ಮಾದಣ್ಣ, ರೈತರು ನಮ್ಮ ಮಾತನ್ನ ಯಾಕೆ ಕೇಳೋದಿಲ್ಲ?" ರೈತರು ಕೇಳುತ್ತಾರೆ ಅನ್ನುತ್ತೇನೆ. ಕೆಲವು ಸಲ ನಾವು ಹೇಳದೇ ಇದ್ದದ್ದನ್ನೂ ಸೇರಿಸಿಕೊಂಡು ಕೇಳುತ್ತಾರೆ. ಹುಡುಗರು ನಗುತ್ತಾರೆ, ಬಸ್ಸು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈಗ ಕುಳಿತು ಬರೆಯುತ್ತಿದ್ದೇನೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅದನ್ನು ಹೇಳಿಕೊಳ್ಳಲು ನಾಚಿಕೆಯಿಲ್ಲ. ಬಿಟ್ಟ ಮಾರನೆಯ ದಿನದಿಂದಲೇ ಬೇರೆಯವರ ಹೊಲದಲ್ಲಿ ಕುಂಟೆ ಹಿಡಿದೆ, ಆಮೇಲೆ ಕೃಷಿ ಕಚೇರಿಯಲ್ಲಿ ಗೊಬ್ಬರದ ಮೂಟೆ ಹೊತ್ತೆ, ಆಮೇಲೆ ಅದೇ ಕಚೇರಿಯಲ್ಲಿ ಕ್ಷೇತ್ರ ಸಹಾಯಕನಾದೆ. ಕಾಗದದ ಮೇಲೆ ನನ್ನ ಹೆಸರು ಮಾದಶೆಟ್ಟಿ. ಬೇಗೂರು ಹೋಬಳಿಯವರ ಬಾಯಲ್ಲಿ ನಾನು ಬೀಜದ ಮಾದಣ್ಣ. ನನ್ನ ಕೈಯಿಂದ ಬೀಜ ಇಸ್ಕೊಳ್ಳದ ಮನೆ ಆ ಸುತ್ತಿನಲ್ಲಿ ಕಡಿಮೆ. ಇದನ್ನು ಜಂಬ ಅಂದುಕೊಂಡರೂ ಸರಿಯೇ.

ನಾನು ಸೇರಿದ ಕಾಲದಲ್ಲಿ ನಮ್ಮ ಕೆಲಸದ ರೀತಿ ಬೇರೆ. ಜೀಪಿಗೆ ಮೈಕ್ ಕಟ್ಟಿಕೊಂಡು ಊರೂರು ಸುತ್ತುವುದು, ಗೋಡೆಗೆ ಚಿತ್ರ ಅಂಟಿಸುವುದು. ಅಂಟು ಒಣಗುವ ಮೊದಲೇ ಮೇಕೆಗಳು ಬಂದು ತಿನ್ನುತ್ತಿದ್ದವು. ಈಗ ಮೊಬೈಲಿನಲ್ಲಿ ಗುಂಪು ಮಾಡಿಕೊಂಡಿದ್ದೀರಿ. ಮಳೆ ಬರುವ ಮುನ್ಸೂಚನೆ ಅದರಲ್ಲೇ ಬರುತ್ತದೆ. ಒಳ್ಳೆಯದೇ. ಮೇಕೆಗಳಿಗೆ ಮಾತ್ರ ನಷ್ಟ.

ಬರ ತಡೆಯುವ ಬೆಳೆಗಳನ್ನು ಹಂಚಬೇಕು ಎಂದು ಮೇಲಿನಿಂದ ಹೇಳಿಕಳಿಸಿದ ವರ್ಷ ನಮಗೆ ನವಣೆಯ ಬೀಜ ಬಂತು. ಚಿಕ್ಕ ಚಿಕ್ಕ ಚೀಲಗಳು. ಊರಿಗೊಬ್ಬ ರೈತನಿಗೆ ಕೊಟ್ಟು ಬೆಳೆಸಿದರೆ, ನೋಡಿದ ಮಿಕ್ಕವರು ತಾವೇ ಕಲಿಯುತ್ತಾರೆ ಎಂಬುದು ಲೆಕ್ಕಾಚಾರ. ಬೇಗೂರಿನಲ್ಲಿ ನಂಜಪ್ಪ ಎಂಬ ನಿಧಾನದ ಮನುಷ್ಯನಿಗೆ ಕೊಟ್ಟೆವು. ಆ ವರ್ಷ ಮಳೆ ಕೈಕೊಟ್ಟಿತು. ಸುತ್ತ ಜೋಳ ಸುರುಳಿ ಸುತ್ತಿಕೊಂಡಿತು, ನಂಜಪ್ಪನ ನವಣೆ ಮಾತ್ರ ನರಿಬಾಲದಂಥ ತೆನೆ ಬಿಟ್ಟುಕೊಂಡು ತೂಗಾಡಿತು. ನಾನು ಮೀಸೆ ತಿರುವಿಕೊಂಡು ಎಲ್ಲರಿಗೂ ಹೇಳಿಕೊಂಡು ಬಂದೆ. ಕೊಯ್ಲಿನ ವಾರ ಹೋಗಿ ನೋಡಿದರೆ ತೆನೆಯಲ್ಲಿ ಬರೀ ಹೊಟ್ಟು. ಸುತ್ತಮುತ್ತ ತಿನ್ನಲು ಬೇರೇನೂ ಇಲ್ಲದ ಕಾಲದಲ್ಲಿ, ಹೋಬಳಿಯ ಗುಬ್ಬಿಗಳೆಲ್ಲ ಬಂದು ಆ ಒಂದು ಹೊಲದಲ್ಲಿ ಊಟಕ್ಕೆ ಕುಳಿತಿದ್ದವು.

ನಂಜಪ್ಪ ಬೈಯಲಿಲ್ಲ. ಬದುವಿನ ಮೇಲೆ ಬೀಡಿ ಹಚ್ಚಿಕೊಂಡು, "ಮಾದಣ್ಣ, ನಿನ್ ಬೀಜ ಬರ ತಡೀತು ಕನ. ಗುಬ್ಬಿ ತಡೀಲಿಲ್ಲ" ಎಂದ.

ಒಬ್ಬನಿಗೆ ಕೊಟ್ಟರೆ ಗುಬ್ಬಿಗೆ ಕೊಟ್ಟ ಹಾಗೆ. ಬದು ಅಂಟಿಕೊಂಡಿರುವ ಹತ್ತಾರು ಹೊಲದವರಿಗೆ ಒಟ್ಟಿಗೆ ಕೊಡಬೇಕು, ಆಗ ಹಕ್ಕಿಯೂ ತಿನ್ನುತ್ತದೆ, ಮನುಷ್ಯನಿಗೂ ಉಳಿಯುತ್ತದೆ. ಮುಂದಿನ ಸಲ ಭೀಮನಬೀಡಿನಲ್ಲಿ ಸಭೆ ಕರೆದಾಗ ನಾನು ಇದನ್ನೇ ಜೋರಾಗಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತಳು.

"ಬೆಳೀಬೋದು ಕನಣ್ಣ. ಅದರ ಸಿಪ್ಪ ಬುಡ್ಸೋರ್ ಯಾರು? ನಿಮ್ ಆಪೀಸಿನೋರ್ ಬಂದು ಒನಕ ಇಡ್ಕತೀರಾ?"

ಹೆಂಗಸರೆಲ್ಲ ಕಿಸಕ್ಕೆಂದರು. ನವಣೆಯ ಸಿಪ್ಪೆ ಬಿಡಿಸುವ ಮಿಷನ್ ಆಗ ನಮ್ಮ ತಾಲ್ಲೂಕಿನಲ್ಲಿ ಎಲ್ಲೂ ಇರಲಿಲ್ಲ. ಅದುವರೆಗೆ ನಾವು ಗಂಡಸರ ಹತ್ತಿರ ಹೊಲದ ಮಾತಾಡಿ ಬರುತ್ತಿದ್ದೆವೇ ಹೊರತು, ಬೆಳೆ ಒಲೆಗೆ ಹೋಗುವ ದಾರಿಯಲ್ಲಿ ಯಾರ ತೋಳು ನೋಯುತ್ತದೆ ಎಂದು ಕೇಳಿರಲಿಲ್ಲ.

"ಏನ್ ಕೊಟ್ರ ಬೆಳೀತೀಯವ್ವ?" ಎಂದು ಕೇಳಿದೆ.

"ರಾಗಿ ಕೊಡಿ. ಗಿರಣಿಗ್ ಆಕುದ್ರ ಇಟ್ಟಾಯ್ತದ. ಆದ್ರ ನೀರಿಲ್ದೇ ಬರೋ ಅಂಗ ಕೊಡಿ."

ಆಕೆಯ ಹೆಸರು ಶಿವಮ್ಮ. ಗಂಡ ಮಹೇಶ ತರಕಾರಿ ಲಾರಿ ಓಡಿಸುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು. ಮಳೆ ನಂಬಿಕೊಂಡ ಎರಡು ಎಕರೆ ಕೆಮ್ಮಣ್ಣಿನ ಹೊಲವನ್ನು ಈಕೆಯೇ ನೋಡಿಕೊಳ್ಳುತ್ತಿದ್ದಳು. ಪಕ್ಕದ ಹೊಲ ಗಂಡನ ಅಣ್ಣ ಗುರುಮಲ್ಲಪ್ಪನವರದು. ಅವರದರಲ್ಲಿ ಬೋರ್‌ವೆಲ್ ಇತ್ತು. ಶುಂಠಿ ಬೆಳೆಯುವವರು ಕೇರಳದಿಂದ ಬಂದು ಎರಡೂ ಹೊಲವನ್ನು ಸೇರಿಸಿ ಗುತ್ತಿಗೆಗೆ ಕೇಳಿದ್ದರು. ಒಂದು ಹೊಲ ಮಾತ್ರ ಅವರಿಗೆ ಬೇಡ, ಕೊಟ್ಟರೆ ಎರಡೂ. ಗುರುಮಲ್ಲಪ್ಪನವರು ಒಪ್ಪಿಯಾಗಿತ್ತು. ಮಹೇಶನೂ ಮುಕ್ಕಾಲು ಪಾಲು ಒಪ್ಪಿದ್ದ. ಈ ವರ್ಷದ ಬೆಳೆಯೂ ಕೆಟ್ಟರೆ ಕೊಟ್ಟುಬಿಡೋಣ ಎಂದು ಅಣ್ಣನಿಗೆ ಮಾತು ಕೊಟ್ಟಿದ್ದ.

ಇದನ್ನು ಶಿವಮ್ಮ ನನಗೆ ಹೇಳಿದ್ದು ಸಭೆ ಮುಗಿದ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ, ಬೇರೆಯವರ ಮನೆಯ ಮಾತೇನೋ ಎಂಬಂತೆ.

"ಶುಂಠಿಗ್ ಕೊಟ್ರ ನಾ ಏನ್ ಮಾಡ್ಲಿ ಮಾದಣ್ಣ? ನಮ್ ಒಲುಕ್ಕೇ ಕೂಲಿಗ್ ಓಗ್ಲಾ? ಬುತ್ತಿ ಕಟ್ಕಂಡು, ಗೇಟ್‌ತವ ನಿಂತ್ಕಂಡು, 'ಸಾಮಿ, ಇವತ್ ಕೆಲ್ಸ ಅದ್ವಾ' ಅಂತ ಕೇಳ್ಲಾ?"

ಆ ಮಾತು ನನ್ನ ಜೊತೆಯಲ್ಲೇ ಕಚೇರಿಯವರೆಗೆ ಬಂತು.

ನಮಗೆ ಆಗ ಒಬ್ಬರು ಮೇಡಂ ಹೊಸದಾಗಿ ಬಂದಿದ್ದರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಅವರು ಬರುವ ಹಿಂದಿನ ವರ್ಷ ಇಲಾಖೆಯವರು ನಮ್ಮನ್ನೆಲ್ಲ ಹಾವೇರಿ ಕಡೆಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಅಲ್ಲಿ ನಾನು ಗುಳಿ ರಾಗಿ ನೋಡಿದ್ದೆ. ಸಸಿ ಮಡಿ ಮಾಡಿ, ಹೊಲದಲ್ಲಿ ದೂರ ದೂರ ಗುಳಿ ತೆಗೆದು, ಗುಳಿಗೊಂದು ಹಿಡಿ ಕೊಟ್ಟಿಗೆ ಗೊಬ್ಬರ ಹಾಕಿ, ಎರಡೆರಡೇ ಸಸಿ ನೆಡುತ್ತಾರೆ. ಬೇರು ಆಳಕ್ಕೆ ಇಳಿಯುವುದರಿಂದ ಮಳೆ ಕೈಕೊಟ್ಟರೂ ತಡೆದುಕೊಳ್ಳುತ್ತದೆ. ಅಷ್ಟೇ ಆದರೆ ಸರಿ. ಪೈರು ಚೆನ್ನಾಗಿ ಚಿಗುರಿ ನಿಂತ ಮೇಲೆ ಕೊರಡು ಎಂಬ ಭಾರದ ಮರದ ತುಂಡನ್ನು ಎತ್ತಿಗೆ ಕಟ್ಟಿ ಅದರ ಮೇಲೇ ಎಳೆಸುತ್ತಾರೆ! ಪೈರು ಬಾಗಿ ನೆಲಕ್ಕೆ ಮಲಗುತ್ತದೆ. ಆಮೇಲೆ ಏಳುವಾಗ ಬುಡದಿಂದ ಕವಲು ಕವಲಾಗಿ ತೆಂಡೆ ಒಡೆದುಕೊಂಡು ಏಳುತ್ತದೆ. ನಾನು ಅಲ್ಲಿಯ ರೈತನನ್ನು ಒಂದಕ್ಕೆರಡು ಸಲ ಕೇಳಿ, ಕೊರಡಿನ ತಳವನ್ನು ಕೈಯಾಡಿಸಿ ನೋಡಿಕೊಂಡು ಬಂದಿದ್ದೆ.

ಮೇಡಂ ಮುಂದೆ ಹೋಗಿ ಶಿವಮ್ಮನ ಹೊಲದಲ್ಲಿ ಗುಳಿ ರಾಗಿ ಮಾಡಿಸೋಣವೇ ಎಂದೆ. ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ಕಚ್ಚಿದರು.

"ನಾನು ಓದಿದ್ದೀನಿ, ನೀವು ಕಣ್ಣಲ್ಲಿ ನೋಡಿದ್ದೀರಿ. ಇಬ್ಬರೂ ಮಾಡಿಲ್ಲ. ಅಲ್ಲವಾ ಮಾದಣ್ಣ?"

"ಹೌದು ಮೇಡಂ."

"ಹಾಗಿದ್ರೆ ಹೆದರಿಕೊಂಡೇ ಮಾಡೋಣ."

ಅಂಥ ಮೇಲಧಿಕಾರಿ ಸಿಗುವುದು ಅಪರೂಪ. ಧೈರ್ಯ ಹೇಳುವವರು ಬಹಳ, ನಮ್ಮ ಹೆದರಿಕೆಯಲ್ಲಿ ಪಾಲು ತೆಗೆದುಕೊಳ್ಳುವವರು ಕಡಿಮೆ.

ಗುಂಡ್ಲುಪೇಟೆಯ ಆಚಾರಿ ಒಬ್ಬರ ಹತ್ತಿರ ಕೊರಡು ಮಾಡಿಸಿದೆ. "ಇದೇನಣ್ಣ, ಬಾಗ್ಲೂ ಅಲ್ಲ, ನೇಗ್ಲೂ ಅಲ್ಲ" ಎಂದು ಆತ ಮೂರು ಸಲ ಕೇಳಿದ. ಈರುಳ್ಳಿ ಮೂಟೆ ಇಳಿಸಿ ಖಾಲಿ ವಾಪಸ್ ಹೋಗುತ್ತಿದ್ದ ಗೂಡ್ಸ್ ಆಟೋದಲ್ಲಿ ಅದನ್ನು ಭೀಮನಬೀಡಿಗೆ ಸಾಗಿಸಿದೆ. ಆರಿದ್ರ ಮಳೆಯಲ್ಲಿ ಸಸಿ ಮಡಿ ಬೆಳೆಯಿತು. ಪುನರ್ವಸುವಿನಲ್ಲಿ ಶಿವಮ್ಮ ಮತ್ತು ಅವಳ ಸ್ವಸಹಾಯ ಸಂಘದ ಹೆಂಗಸರು ನೆಟ್ಟರು. ನಡುನಡುವೆ ಒಂದೊಂದು ಸಾಲು ಅವರೆ, ತೊಗರಿ. ಬದುವಿನ ಮೇಲೆ ಹೋಗುವವರಿಗೆ ಅದೊಂದು ತಮಾಷೆಯಾಯಿತು. "ಗುಳಿಗೂ ಗುಳಿಗೂ ಮಧ್ಯ ಎತ್ ಮನೀಕಬೋದು ಕಣಮ್ಮಿ" ಎನ್ನುವರು. ಶಿವಮ್ಮ ತಲೆಯೆತ್ತದೆ, "ನಿಮ್ ಎತ್ ಅಟ್ಕಬನ್ನಿ, ಚಾಪ ಆಸ್ಕೊಡ್ತೀನಿ" ಎನ್ನುವಳು.

ಪೈರು ಹಿಡಿಯಿತು. ಕೊರಡು ಎಳೆಯುವ ಕಾಲ ಬಂತು, ಮಳೆ ಬರಲಿಲ್ಲ. ಒಣ ನೆಲದಲ್ಲಿ ಎಳೆದರೆ ಪೈರು ಬಾಗುವುದಿಲ್ಲ, ಮುರಿಯುತ್ತದೆ. ಕೆಸರಿನಲ್ಲಿ ಎಳೆದರೆ ಬೇರು ಸಮೇತ ಕಿತ್ತು ಬರುತ್ತದೆ. ಎರಡರ ನಡುವಿನ ಹದ ಬೇಕು. ತಡವಾಗಿ ದಂಟು ಬಲಿತುಬಿಟ್ಟರೆ ಆ ಕೆಲಸಕ್ಕೇ ಅರ್ಥವಿಲ್ಲ. ನಾನೂ ಶಿವಮ್ಮನೂ ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡೆವು. ಕೊನೆಗೆ ಒಂದು ಶನಿವಾರ ಸಂಜೆ ಸುರಿಯಿತು. ಭಾನುವಾರ ಕಾಲಿಟ್ಟರೆ ಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತಿತ್ತು. ಸೋಮವಾರ ಬೆಳಿಗ್ಗೆ ಹಿಡಿ ಮಣ್ಣು ತೆಗೆದು ಹಿಸುಕಿದೆ. ಉಂಡೆಯಾಯಿತು, ಒತ್ತಿದರೆ ಪುಡಿಯಾಯಿತು. ಹದವೆಂದರೆ ಅದೇ ಹದ. ಬೀಸುತ್ತಿದ್ದ ಆಷಾಢದ ಗಾಳಿಯಲ್ಲಿ ಮಂಗಳವಾರದ ಹೊತ್ತಿಗೆ ಆ ಕೆಮ್ಮಣ್ಣು ಇಟ್ಟಿಗೆಯಾಗುತ್ತಿತ್ತು.

ನಾನು ಮರೆತದ್ದು ವಾರವನ್ನು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಅದು ಬಸವಣ್ಣನ ದಿನ. ಎತ್ತು ಇದ್ದದ್ದು ಗುರುಮಲ್ಲಪ್ಪನವರ ಮನೆಯಲ್ಲಿ. ನಾನು ಹೋದಾಗ ಅವರು ಕೊಟ್ಟಿಗೆಯಲ್ಲಿ ಹಣೆಗೆ ವಿಭೂತಿ ಬಳಿದುಕೊಂಡು, ಎತ್ತುಗಳ ಮೈ ತೊಳೆದು, ಅವುಗಳ ಹಣೆಗೂ ಬಳಿಯುತ್ತಿದ್ದರು.

"ಬುದ್ಧಿ, ಒಂದ್ ಅರ್ಧ ದಿನ ಎತ್ತು..." ಎಂದೆ.

"ಏನ್ಲಾ ಮಾದಶೆಟ್ಟಿ, ಇವತ್ ಯಾವ್ ವಾರ ಅಂತ ಗೊತ್ತಾ ನಿಂಗ?"

"ಗೊತ್ತು ಬುದ್ಧಿ. ಮಣ್ಣಿಗ ಗೊತ್ತಿಲ್ಲ."

"ಬೆಳ್ದಿರೋ ಪೈರಿನ್ ಮ್ಯಾಲ ಮರ ಎಳ್ಸೋದೇ ಒಂದ್ ಪಾಪ. ಅದ್ರಲ್ಲೂ ಸೋಮಾರ, ಅದ್ರಲ್ಲೂ ನನ್ ಎತ್ಕಟ್ಟಿ! ನಿಂಗ ಮಕ್ಳು ಮರಿ ಇಲ್ವಾ?"

"ಮೊಮ್ಮಕ್ಳೂ ಅವ ಬುದ್ಧಿ."

"ಅವ್ರ್ ಮ್ಯಾಲೂ ಎಳೀತೀಯಾ?"

ಟ್ರ್ಯಾಕ್ಟರ್ ತರಿಸಿದರೆ ಅದರ ಚಕ್ರಕ್ಕೆ ಪೈರು ಉಳಿಯುವುದಿಲ್ಲ. ಬೇರೆಯವರ ಎತ್ತೂ ಬರುವುದಿಲ್ಲ, ಅವರಿಗೂ ಸೋಮವಾರವೇ. ಶಿವಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಒಳಗೆ ಬಂದು ಗೂಟದಲ್ಲಿ ನೇತುಹಾಕಿದ್ದ ಹಗ್ಗ ತೆಗೆದುಕೊಂಡಳು.

"ಬಾವ, ನೀವೇಳದು ಸರಿ. ಎತ್ತಿಗ ಸೋಮಾರ. ನಂಗೇನ್ ಸೋಮಾರ? ಇವತ್ತೂ ನಾ ಕೊಟ್ಗ ಬಾಚ್ದೆ, ಮುದ್ದ ತಿರುವ್ದೆ. ಅಗ್ಗ ತಕ್ಕತೀನಿ."

ಹೋಗಿ ಸಂಘದ ಹೆಂಗಸರನ್ನು ಕರೆದಳು. ಬಂದರು. ಕೊರಡಿಗೆ ಎರಡು ಕಡೆ ಹಗ್ಗ ಕಟ್ಟಿ, ಸೊಂಟಕ್ಕೆ ಸೀರೆಯ ಮೇಲೆ ಗೋಣಿತಾಟು ಸುತ್ತಿಕೊಂಡು, ಎಳೆಯಲು ನಿಂತರು. ನಾನು ಹಿಂದೆ ನಿಂತು ಕೊರಡು ಮಗುಚದಂತೆ ಹಿಡಿದೆ. ಕೊರಡು ಮುಂದಕ್ಕೆ ಸರಿಯಿತು, ಪೈರು ಅದರಡಿಗೆ ಹೋಯಿತು. ಹಿಂದಿರುಗಿ ನೋಡಿದ ಒಬ್ಬ ಹೆಂಗಸು "ಅಯ್ಯೋ ನಮ್ಮವ್ವ" ಎಂದು ಅಲ್ಲೇ ನಿಂತುಬಿಟ್ಟಳು. "ಇಂದಕ್ ನೋಡ್ಬ್ಯಾಡಿ ಕಣ್ರಮ್ಮಿ, ಮುಂದಕ್ ನೋಡಿ" ಎಂದು ಶಿವಮ್ಮ ಕೂಗಿದಳು. ಅವಳೂ ತಿರುಗಿ ನೋಡಲಿಲ್ಲ.

ಮೂರನೆಯ ಸಾಲಿನ ಹೊತ್ತಿಗೆ ಊರಿನ ಅರ್ಧ ಜನ ಬದುವಿನ ಮೇಲೆ. ಗುರುಮಲ್ಲಪ್ಪನವರೂ ಬಂದು ಕೈಕಟ್ಟಿ ನಿಂತರು. ಅವರ ಮುಖ ನೋಡಿದರೆ ಬೈಗುಳ ಗಂಟಲವರೆಗೆ ಬಂದು ಕುಳಿತಿತ್ತು. ಆದರೆ ಅವರು ಬೈದದ್ದು ಬೇರೆಯದಕ್ಕೆ. ಹೆಂಗಸರಿಗೆ ನೇಗಿಲ ಹಿಂದೆ ಹೋಗಿ ಅಭ್ಯಾಸವಿಲ್ಲ, ಕೊರಡು ಹಾವಿನಂತೆ ಹೋಗುತ್ತಿತ್ತು.

"ಸೊಟ್ಟ! ಸೊಟ್ಟ ಓಯ್ತಾ ಅದ ಕಣ್ಲಾ ಮಾದಶೆಟ್ಟಿ! ನಿಂಗ್ ಕಣ್ ಕಾಣ್ದಾ?"

"ನಾ ಇಂದ್ಗಡೆ ಇವ್ನಿ ಬುದ್ಧಿ, ಏನ್ ಮಾಡ್ಲಿ?"

ಇನ್ನೊಂದು ಸಾಲು ಸಹಿಸಿಕೊಂಡರು. ಆಮೇಲೆ ಟವೆಲ್ ಕೊಡವಿ ಭುಜದ ಮೇಲೆ ಮಡಚಿ ಹಾಕಿಕೊಂಡು, ಬದುವಿನಿಂದ ಇಳಿದು ಬಂದು, ಒಂದು ಹಗ್ಗವನ್ನು ಕಿತ್ತುಕೊಂಡರು. "ನಮ್ಮಪ್ಪ ಉತ್ತ ಒಲ ಇದು. ಪೈರು ಸತ್ರ ಸಾಯ್ಲಿ. ನೆಟ್ಟಗ್ ಸಾಯ್ಲಿ."

ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು. ಹೊಲದಲ್ಲಿ ಒಂದು ಗಿಡವೂ ನಿಂತಿರಲಿಲ್ಲ. ಅವರೆ, ತೊಗರಿಯ ಸಾಲು ಬಿಟ್ಟರೆ ಮಿಕ್ಕದ್ದೆಲ್ಲ ಬಾಚಿದ ತಲೆಯ ಹಾಗೆ ಒಂದೇ ಕಡೆಗೆ ಮಲಗಿತ್ತು. ಜನ ಕರಗಿದರು. ಶಿವಮ್ಮ ಮೊದಲ ಸಲ ತಿರುಗಿ ನೋಡಿದಳು. ಬದುವಿನ ಮೇಲೆ ಕುಳಿತು ಅಂಗೈ ನೋಡಿಕೊಂಡಳು, ಹಗ್ಗ ಉಜ್ಜಿ ಕೆಂಪಗಾಗಿತ್ತು.

"ಏಳ್ತದಾ ಮಾದಣ್ಣ?"

"ಏಳ್ತದ ಕಣವ್ವ."

ಹೇಳಿದೆ. ಎದ್ದದ್ದನ್ನು ನಾನು ನೋಡಿದ್ದು ಹಾವೇರಿಯ ಮಣ್ಣಿನಲ್ಲಿ. ಇದು ಬೇರೆ ಮಣ್ಣು. ಆ ವಾರ ಪ್ರತಿ ಬೆಳಿಗ್ಗೆ ಮೊದಲ ಬಸ್ಸಿಗೆ ಭೀಮನಬೀಡಿಗೆ ಹೋದೆ. ನನಗಿಂತ ಮೊದಲೇ ಶಿವಮ್ಮ ಅಲ್ಲಿರುತ್ತಿದ್ದಳು. ಬಗ್ಗಿ ಒಂದು ಬುಡ ಮುಟ್ಟಿ ನೋಡಿ, ಅವಳು ಅವಳ ಕೆಲಸಕ್ಕೆ, ನಾನು ನನ್ನ ಕೆಲಸಕ್ಕೆ.

ಅದೇ ವಾರ ಚಾಮರಾಜನಗರದಿಂದ ದೊಡ್ಡ ಸಾಹೇಬರು ಪ್ರಾತ್ಯಕ್ಷಿಕೆ ನೋಡಲು ಬಂದರು. ಜೀಪಿನಿಂದ ಇಳಿದವರು ಹೊಲ ನೋಡಿ ಬಹಳ ನೊಂದುಕೊಂಡರು.

"ಛೆ ಛೆ. ಎಷ್ಟು ಆನೆ ಬಂದಿದ್ವು? ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟಿದ್ದೀರಾ?"

ಮೇಡಂ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಆನೆ ಅಲ್ಲ ಸರ್, ನಾವೇ" ಎಂದರು ಮೇಡಂ. ಸಾಹೇಬರು ಒಳ್ಳೆಯವರು. ಇಡೀ ಕಥೆ ಕೇಳಿ, "ಏಳದಿದ್ದರೆ ಮಾತ್ರ ಆನೆಯ ಹೆಸರೇ ಹೇಳಿ" ಎಂದು ನಗುತ್ತ ಜೀಪು ಹತ್ತಿದರು. ಅವತ್ತು ನಗು ಬಂದದ್ದು ಅವರೊಬ್ಬರಿಗೇ.

ಪೈರು ಎದ್ದಿತು. ಮೊದಲು ತುದಿ ಮೇಲಕ್ಕೆ ಮುಖ ಮಾಡಿತು. ಆಮೇಲೆ ಬುಡದಲ್ಲಿ, ಮಣ್ಣಿನ ಮಟ್ಟದಲ್ಲಿ, ಸೂಜಿಯಂಥ ಮೊಳಕೆಗಳು ಕಂಡವು. ಶಿವಮ್ಮ ಮಂಡಿಯೂರಿ ಕುಳಿತು ಬೆರಳಲ್ಲಿ ಮಣ್ಣು ಸರಿಸಿ ತೋರಿಸಿದಳು. "ಮರಿ ಆಕದ ಕನಣ್ಣ" ಎಂದಳು. ಕುರಿಯೋ ಮೇಕೆಯೋ ಮರಿ ಹಾಕಿದ ಹಾಗೆ. ಅವತ್ತು ಬೇಗೂರಿನ ಹೋಟೆಲಿನಲ್ಲಿ ಇಡ್ಲಿ ತಿಂದೆ, ಇನ್ನೆರಡು ಹಾಕಿಸಿಕೊಂಡೆ.

ಮಖೆ ಮಳೆ ಬರಲೇ ಇಲ್ಲ. ಸುತ್ತಲಿನ ಮುಸುಕಿನ ಜೋಳ ಬೆಳ್ಳಗಾಯಿತು. ಶಿವಮ್ಮನ ರಾಗಿ ಮಧ್ಯಾಹ್ನದ ಬಿಸಿಲಿಗೆ ಗರಿ ಮಡಚಿಕೊಳ್ಳುವುದು, ಸಂಜೆ ಬಿಚ್ಚಿಕೊಳ್ಳುವುದು. ಬದುವಿನ ಮೇಲೆ ಹೋಗುವವರು ಎತ್ತಿನ ತಮಾಷೆ ಬಿಟ್ಟರು. ಗುಳಿಯ ನಡುವೆ ಎತ್ತು ಮಲಗುವುದಿರಲಿ, ಕೋಳಿ ನುಗ್ಗಲೂ ಜಾಗವಿರಲಿಲ್ಲ. ಉತ್ತರೆಯಲ್ಲಿ ಒಂದು ಒಳ್ಳೆಯ ಮಳೆಯಾಯಿತು. ತೆನೆ ಮುಷ್ಟಿ ಹಿಡಿದವು.

ಶುಂಠಿಯವರು ಮಾತು ಮುಗಿಸಿಕೊಂಡು ಹೋಗಲು ಬಂದ ದಿನ ಮಹೇಶ ಲಾರಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಹೊಲಕ್ಕೆ ನಡೆದು ಬಂದ. ಗುರುಮಲ್ಲಪ್ಪನವರೂ ನಾನೂ ಅಲ್ಲಿದ್ದೆವು. ಅವನು ಒಂದು ತೆನೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಕಾಳನ್ನು ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿದ. ಶಿವಮ್ಮ ಅವನನ್ನು ನೋಡಲಿಲ್ಲ, ತೊಗರಿಯ ಸಾಲಿನಲ್ಲಿ ಏನೋ ಹುಡುಕುತ್ತಿರುವವಳ ಹಾಗೆ ನಿಂತಿದ್ದಳು.

"ಅಣ್ಣಯ್ಯ, ನಿನ್ ಭಾಗ ಕೊಡದಾದ್ರ ಕೊಡು. ಇದ ಬುಟ್ಬುಡು" ಎಂದ ಮಹೇಶ.

"ಅವ್ರ್ಗ ಒಂದೇ ಒಲ ಬ್ಯಾಡ್ವಲ್ಲಪ್ಪ" ಎಂದರು ಗುರುಮಲ್ಲಪ್ಪ.

"ಅಂಗಾದ್ರ ಬುಡು."

ಗುರುಮಲ್ಲಪ್ಪನವರು ಶುಂಠಿಯವರ ಕಡೆ ತಿರುಗಿ, "ನೋಡಿ ಸಾಮಿ, ನಾನೇ ಅಗ್ಗ ಎಳ್ದಿರೋ ಒಲ. ನಂಗೂ ಕೊಡಕ್ ಮನ್ಸಿಲ್ಲ" ಎಂದುಬಿಟ್ಟರು. ಬಂದವರು ಅವಸರದವರಲ್ಲ, ಮಲಯಾಳ ಬೆರೆತ ಕನ್ನಡದಲ್ಲಿ ಪೈರನ್ನು ಹೊಗಳಿ, ಬೇರೆ ಊರಿಗೆ ಹೋದರು. ಶಿವಮ್ಮ ಆಗ ತೊಗರಿ ಸಾಲಿನಿಂದ ಹೊರಬಂದು, "ಎಲ್ರೂ ಉಣ್ಣಕ್ ಬನ್ನಿ" ಎಂದಳು. ಅಷ್ಟೇ ಅಂದದ್ದು.

ಮುಂದಿನ ವರ್ಷ ಭೀಮನಬೀಡಿನಲ್ಲಿ ಬದು ಅಂಟಿಕೊಂಡ ಹತ್ತಾರು ಹೊಲದವರು ಗುಳಿ ರಾಗಿ ಹಾಕಿದರು. ಆ ಹೊತ್ತಿಗೆ ನನಗೆ ನಿವೃತ್ತಿಯಾಗಿತ್ತು. ಮೇಡಂ ಜಾಗಕ್ಕೆ ಬಂದ ಹೊಸ ಅಧಿಕಾರಿ ಒಂದು ದಿನ ನನಗೆ ಫೋನ್ ಮಾಡಿದ. "ಮಾದಣ್ಣ, ಇವರು ಸೋಮವಾರವೇ ಕೊರಡು ಎಳೀಬೇಕು ಅಂತಾರೆ. ಅದೂ ಎತ್ತು ಕಟ್ಟಲ್ವಂತೆ, ಜನವೇ ಎಳೀಬೇಕಂತೆ. ನಾನು ಓದಿದ್ದರಲ್ಲಿ ಎಲ್ಲೂ ಇದಿಲ್ಲವಲ್ಲ?"

ನಾನು ಹೋದೆ. ಗುರುಮಲ್ಲಪ್ಪನವರ ಹೊಲದಲ್ಲಿ ಜನ ಸೇರಿದ್ದರು. ಮಣ್ಣು ಭಾನುವಾರವೇ ಹದಕ್ಕೆ ಬಂದಿತ್ತು, ಎತ್ತುಗಳು ಮೈ ಬೆಳೆಸಿಕೊಂಡು ಕೊಟ್ಟಿಗೆಯಲ್ಲಿ ನಿಂತಿದ್ದವು, ಇವರು ಸೋಮವಾರಕ್ಕೆ ಕಾದಿದ್ದರು.

"ಬುದ್ಧಿ, ಅವತ್ತು ಸೋಮಾರ ಆದ್ದಕ್ಕ ಎತ್ ಇಲ್ದೇ ಎಳ್ದದ್ದು. ಬ್ಯಾರೆ ವಾರ ಎತ್ಕಟ್ಟಿ ಎಳೀಬೋದು, ಸಲೀಸು" ಎಂದೆ.

"ಲೇ ಮಾದಶೆಟ್ಟಿ, ಕೊರಡಂದ್ರ ಸೋಮಾರ ಕಣ್ಲಾ. ಜನ ಎಳುದ್ರೇ ಪೈರು ಏಳೋದು. ನೀನೇ ಮಾಡಿ ತೋರ್ಸ್ಬುಟ್ಟು, ಈಗ ನೀನೇ ಬ್ಯಾಡ ಅಂತೀಯಾ?"

ಇನ್ನೊಂದು ಸಲ ಹೇಳಲು ಬಾಯಿ ತೆರೆದೆ. ಹಗ್ಗದ ಮುಂದಿನ ತುದಿಯಲ್ಲಿ ಶಿವಮ್ಮ ನಿಂತಿದ್ದಳು, ಸೊಂಟಕ್ಕೆ ಗೋಣಿತಾಟು ಸುತ್ತಿಕೊಂಡು. ಅವಳ ಹಿಂದೆ ಆಚೆ ಹೊಲದಲ್ಲಿ ಅವಳ ರಾಗಿ ಆಗಲೇ ಮಲಗಿ ಎದ್ದು ನಿಂತಿತ್ತು. "ಬುಡಣ್ಣ" ಎಂದು ಕಣ್ಣಲ್ಲೇ ನಕ್ಕಳು. ಬಾಯಿ ಮುಚ್ಚಿಕೊಂಡೆ. ಹೊಸ ಅಧಿಕಾರಿ ನನ್ನ ಮುಖ ನೋಡುತ್ತಿದ್ದ. "ಬರ್ಕೊಳ್ಳಿ ಸರ್" ಎಂದೆ, "ಈ ಊರಲ್ಲಿ ಸೋಮವಾರ."

ಚಪ್ಪಲಿಯನ್ನು ಬದುವಿನ ಮೇಲೆ ಬಿಟ್ಟು, ಇಳಿದು ಹೋಗಿ, ಶಿವಮ್ಮನ ಹಿಂದೆ ಹಗ್ಗ ಹಿಡಿದೆ.

"ಸೊಟ್ಟ ಓಗ್ಬ್ಯಾಡಿ!" ಎಂದು ಗುರುಮಲ್ಲಪ್ಪನವರು ಪಕ್ಕದಿಂದ ಕೂಗಿದರು.